ಆ ನಾಲ್ಕು ದಿನ ಸುಮ್ಮನಿದ್ದೆಯಲ್ಲ, ಪುಟ್ಟಿ

ಅರಸೀಕೆರೆ
ಭಾನುವಾರ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಈಗ ಕಡಿಮೆಯಾಗಿದೆ.

ನಿನ್ನೆ ಸಂಜೆ ನಿನ್ನ ಅಪ್ಪ ಬಂದು ವಿಷಯ ಹೇಳಿದ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವಾಗ ನಿನ್ನ ಮೊಬೈಲ್ ಹೋಯಿತಂತೆ. ಹೋದದ್ದು ಮಂಗಳವಾರ, ನೀನು ಮನೆಗೆ ತಿಳಿಸಿದ್ದು ಶನಿವಾರ. ಅಷ್ಟು ದಿನವೂ ಗೆಳತಿಯ ಫೋನಿನಿಂದ ಮಾತನಾಡಿ, "ನನ್ನದು ರಿಪೇರಿಗೆ ಕೊಟ್ಟಿದ್ದೇನೆ" ಎಂದೆಯಂತೆ. ಮೊಬೈಲ್ ಹೋದದ್ದಕ್ಕಿಂತ ಆ ನಾಲ್ಕು ದಿನಗಳೇ ರಾತ್ರಿಯೆಲ್ಲ ನನ್ನನ್ನು ಕಾಡಿದವು. ಓದಿದವಳು ಹೀಗೆ ಮೈಮರೆತೆ ಎಂದು ಬೈಯುತ್ತಾರೆ ಎಂಬ ಹೆದರಿಕೆಯೇ ನಿನಗೆ? ಮೂವತ್ತೊಂದು ವರ್ಷ ಬಸ್ಸಿನಲ್ಲಿ ಟಿಕೆಟ್ ಕೊಟ್ಟವನು ನಾನು. ನನ್ನ ಮಾತು ನಂಬು: ನೀನು ಮೈಮರೆಯಲಿಲ್ಲ, ನಿನ್ನನ್ನು ಮೈಮರೆಸಿದರು.

ಅವರು ಕೆಲಸ ಮಾಡುವುದು ಬಸ್ ಓಡುವಾಗ ಕಡಿಮೆ, ಹತ್ತುವಾಗ ಹೆಚ್ಚು. ಒಬ್ಬ ಮೆಟ್ಟಿಲಲ್ಲಿ ನಿಂತು "ಇದು ಯಶವಂತಪುರಕ್ಕೆ ಹೋಗುತ್ತದೆಯೇ?" ಎಂದು ಕೇಳುತ್ತ ದಾರಿ ಕಟ್ಟುತ್ತಾನೆ, ಇಲ್ಲವೇ ಚಿಲ್ಲರೆ ಬೀಳಿಸಿ ಬಗ್ಗುತ್ತಾನೆ. ಹಿಂದಿನವನು "ಬೇಗ ಹತ್ತಿ, ಬೇಗ ಹತ್ತಿ" ಎಂದು ನೂಕುತ್ತಾನೆ. ಮೂರನೆಯವನ ತೋಳಿನ ಮೇಲೆ ಟವೆಲ್ಲೋ ದಿನಪತ್ರಿಕೆಯೋ ಇರುತ್ತದೆ, ಅದರ ಮರೆಯಲ್ಲಿ ಕೈ ಆಡುತ್ತದೆ. ಸಿಕ್ಕಿದ್ದು ಕ್ಷಣದಲ್ಲಿ ನಾಲ್ಕನೆಯವನ ಪಾಲಾಗುತ್ತದೆ, ಅವನು ಬಸ್ಸನ್ನು ಹತ್ತುವುದೇ ಇಲ್ಲ. ಆಮೇಲೆ ಒಳಗಿದ್ದವರನ್ನೆಲ್ಲ ತಡಕಿ ನೋಡಿದರೂ ಏನೂ ಸಿಗದಿರುವುದು ಇದೇ ಕಾರಣಕ್ಕೆ. ನಿಲ್ದಾಣದಲ್ಲಿ ಜೇಬುಗಳ್ಳರ ಬಗ್ಗೆ ಎಚ್ಚರಿಕೆಯ ಫಲಕ ಇರುತ್ತದಲ್ಲ, ಅದನ್ನು ಓದಿದವರು ತಟ್ಟನೆ ಜೇಬನ್ನೋ ಬ್ಯಾಗನ್ನೋ ಮುಟ್ಟಿ ನೋಡಿಕೊಳ್ಳುತ್ತಾರೆ. ಪಕ್ಕದಲ್ಲಿ ಹೊಂಚುತ್ತಿರುವವನಿಗೆ ಹಣ ಎಲ್ಲಿದೆ ಎಂಬುದು ಅಲ್ಲಿಗೆ ತಿಳಿಯಿತು.

ಆದ್ದರಿಂದ ಬಸ್ ಬರುವ ಮೊದಲೇ ಮೊಬೈಲನ್ನು ಬ್ಯಾಗಿನ ಒಳಜೇಬಿಗೆ ಹಾಕಿ, ಜಿಪ್ ಎಳೆದು, ಬ್ಯಾಗನ್ನು ಎದೆಯ ಮುಂದಕ್ಕೆ ತಂದುಕೊ. ಬಾಗಿಲಲ್ಲಿ ಕಾರಣವಿಲ್ಲದ ತಡೆ, ಹಿಂದಿನಿಂದ ನೂಕು ಎರಡೂ ಒಟ್ಟಿಗೆ ಬಂದರೆ ಪಕ್ಕಕ್ಕೆ ಸರಿದುಬಿಡು. ಗೊಣಗುವವರು ಗೊಣಗಲಿ, ಮುಂದಿನ ಬಸ್ಸು ಬಂದೇ ಬರುತ್ತದೆ.

ಕುಳಿತವರು ನಿಂತವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು ನಮ್ಮ ಬಸ್ಸುಗಳಲ್ಲಿ ಮೊದಲಿನಿಂದ ಬಂದ ರೂಢಿ. ನನಗೆ ಅದು ಬಹಳ ಪ್ರಿಯವಾದದ್ದು, ಅದನ್ನು ಬಿಡು ಎಂದು ಹೇಳಲಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳು ಧೈರ್ಯವಾಗಿ ಊರೂರು ಸುತ್ತುತ್ತಿದ್ದಾರೆ, ಅದೂ ನನಗೆ ಸಂತೋಷವೇ. ಆದರೆ ಮದುವೆಗೆ ಹೊರಟವರ ವ್ಯಾನಿಟಿ ಬ್ಯಾಗಿನಲ್ಲಿ ಒಡವೆ ಇರುತ್ತದೆ ಎಂಬುದು ಕಳ್ಳರಿಗೂ ಗೊತ್ತು. ಊಟದ ಡಬ್ಬಿಯ ಚೀಲವನ್ನು ಕೊಡು. ಹಣ, ಒಡವೆ, ಮೊಬೈಲ್ ಇರುವುದನ್ನು ಯಾರೇ ಕೇಳಿದರೂ "ಇರಲಿ ಅಮ್ಮಾ, ಭಾರವಿಲ್ಲ" ಎಂದು ನಿನ್ನ ಬಳಿಯೇ ಇಟ್ಟುಕೊ. ಅವರೇನು ಅಂದುಕೊಂಡಾರೋ ಎಂಬ ಸಂಕೋಚ ಬೇಡ. ಕಳ್ಳರು ಬದುಕುವುದು ಒಳ್ಳೆಯವರ ಈ ಸಂಕೋಚದ ಮೇಲೆಯೇ.

ಸಂಕೋಚ ಎಂದಾಗಲೆಲ್ಲ ನನಗೆ ಒಬ್ಬ ಅಜ್ಜಿ ನೆನಪಾಗುತ್ತಾಳೆ. ನಿನ್ನ ಅಪ್ಪನಿಗೂ ಈ ಸಂಗತಿ ಹೇಳಿಲ್ಲ. 1994ರ ಬೇಸಿಗೆ, ಹಾಸನದಿಂದ ಬರುತ್ತಿದ್ದ ಸಂಜೆಯ ಬಸ್ಸು, ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಎಮ್ಮೆ ಮಾರಿದ ಹಣವನ್ನು ಆಕೆ ಸೊಂಟದ ಎಲೆಅಡಿಕೆ ಚೀಲದಲ್ಲಿ ಕಟ್ಟಿಕೊಂಡಿದ್ದಳು. ಮಗನ ಚಿಕಿತ್ಸೆಗೆ ಎಂದು ಪಕ್ಕದವಳಿಗೆ ಹೇಳುತ್ತಿದ್ದುದು ನನಗೂ ಕೇಳಿಸಿತ್ತು. ಹೆಗಲ ಮೇಲೆ ಟವೆಲ್ ಹಾಕಿದ ಇಬ್ಬರು, ಹಿಂದೆ ಜಾಗವಿದ್ದರೂ ಆಕೆಗೆ ಒತ್ತಿಕೊಂಡು ನಿಂತಿದ್ದರು. ನಾನು ನೋಡಿದೆ. ಮನಸ್ಸಿಗೆ ಗೊತ್ತಾಯಿತು. ಆದರೆ ನನ್ನ ಅನುಮಾನ ಸುಳ್ಳಾದರೆ? ಮರ್ಯಾದಸ್ಥರನ್ನು ಕಳ್ಳರೆಂದಂತಾದರೆ? ಹೀಗೆಂದುಕೊಂಡು "ಟಿಕೆಟ್, ಟಿಕೆಟ್" ಎನ್ನುತ್ತ ಮುಂದಿನ ಸೀಟಿಗೆ ಹೋದೆ. ಆ ಇಬ್ಬರೂ ಎರಡು ಸ್ಟಾಪು ಕಳೆದು ಇಳಿದರು. ಆಕೆ ತನ್ನ ಊರು ಬಂದಾಗ ಸೊಂಟ ಮುಟ್ಟಿ ನೋಡಿಕೊಂಡಳು. ಚೀಲದ ದಾರವನ್ನು ಬ್ಲೇಡಿನಿಂದ ಕತ್ತರಿಸಿದ್ದರು. ಅಳಲಿಲ್ಲ, ಕೂಗಲಿಲ್ಲ, ಬಸ್ಸಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆಕೆಯ ಮಗ ಏನಾದನೋ ನನಗೆ ಗೊತ್ತಿಲ್ಲ.

ಅಂದಿನಿಂದ ನಿವೃತ್ತನಾಗುವವರೆಗೂ, ಜನ ತುಂಬಿದ ಪ್ರತಿ ಸ್ಟಾಪಿನಲ್ಲಿ ಗಟ್ಟಿಯಾಗಿ ಕೂಗುತ್ತಿದ್ದೆ: "ನಿಮ್ಮ ನಿಮ್ಮ ಹಣ, ಒಡವೆ, ಚೀಲ ನೋಡಿಕೊಳ್ಳಿ!" ಯಾರ ಕಡೆಗೂ ಬೆರಳು ತೋರಿಸುತ್ತಿರಲಿಲ್ಲ. ಅಷ್ಟಕ್ಕೇ ಹೊಂಚುತ್ತಿದ್ದವರು ಇಳಿದು ಹೋದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ನೀನೂ ಹಾಗೇ ಮಾಡು. ಯಾರದೋ ಬ್ಯಾಗಿನ ಹತ್ತಿರ ಕೈ ಸುಳಿದರೆ "ಅಕ್ಕಾ, ನಿಮ್ಮ ಬ್ಯಾಗ್ ನೋಡಿಕೊಳ್ಳಿ" ಎಂದರೆ ಸಾಕು.

ಬೆರಳು ತೋರಿಸಬೇಡ ಎನ್ನುವುದಕ್ಕೆ ಕಾರಣವಿದೆ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ದುಡಿಯಲು ಬಂದಿದ್ದ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಅದೇ ವರ್ಷದ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರ್ ಹಾಗೆಯೇ ಸತ್ತ. ಎರಡಕ್ಕೂ ಮೂಲ ವಾಟ್ಸ್‌ಆ್ಯಪ್‌ನ ಸುಳ್ಳು ಸುದ್ದಿ. ಬಟ್ಟೆ, ಭಾಷೆ, ಬಡತನ ನೋಡಿ ಯಾರನ್ನೂ ಅನುಮಾನಿಸಬೇಡ. ನನ್ನ ಕಾಲದಲ್ಲಿ ಸಿಕ್ಕಿಬಿದ್ದ ಜೇಬುಗಳ್ಳರಲ್ಲಿ ಇಸ್ತ್ರಿ ಮಾಡಿದ ಅಂಗಿಯವರೇ ಹೆಚ್ಚು. ನೋಡಬೇಕಾದದ್ದು ನಡೆಯನ್ನು: ಜಾಗವಿದ್ದೂ ಒತ್ತಿಕೊಳ್ಳುವವನನ್ನು, ಬಂದ ಬಸ್ಸನ್ನೆಲ್ಲ ಮುತ್ತಿ ಒಂದನ್ನೂ ಹತ್ತದವನನ್ನು.

ಇನ್ನು ಗಮನ ಬೇರೆಡೆ ಸೆಳೆಯುವವರು. "ನಿಮ್ಮ ದುಡ್ಡು ಬಿದ್ದಿದೆ" ಎನ್ನುತ್ತಾರೆ, ಬೆನ್ನಿಗೆ ಗಲೀಜು ಎರಚಿ ತಾವೇ ಒರೆಸಲು ಬರುತ್ತಾರೆ. ಪೊಲೀಸರೆಂದು ಹೇಳಿಕೊಂಡು "ಮುಂದೆ ಗಲಾಟೆಯಾಗಿದೆ, ಒಡವೆ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಳ್ಳಿ" ಎಂದು ತಾವೇ ಪೊಟ್ಟಣ ಕಟ್ಟಿಕೊಡುವವರೂ ಇದ್ದಾರೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು. ನಿಜವಾದ ಪೊಲೀಸರು ರಸ್ತೆಯಲ್ಲಿ ಒಡವೆ ಬಿಚ್ಚಿಸುವುದಿಲ್ಲ. "ಠಾಣೆಗೆ ಹೋಗಿ ಮಾತನಾಡೋಣ" ಎನ್ನು, ಅಲ್ಲಿಗೆ ಮುಗಿಯಿತು. ಈ ಮಾತನ್ನು ನಿನ್ನ ಅಮ್ಮನಿಗೂ ಹೇಳು, ಇಂಥವರು ಹುಡುಕುವುದು ಹೆಚ್ಚಾಗಿ ಅವಳ ವಯಸ್ಸಿನವರನ್ನು.

ರಸ್ತೆಯಲ್ಲಿ ನಡೆಯುವಾಗ ವಾಹನಗಳು ಎದುರಿಗೆ ಬರುವ ಬದಿಯಲ್ಲಿ ನಡೆ, ಬ್ಯಾಗನ್ನು ಗೋಡೆಯ ಕಡೆಗೆ ಹಾಕಿಕೊ. ಯಾರಾದರೂ ಸರಕ್ಕೋ ಬ್ಯಾಗಿಗೋ ಕೈ ಹಾಕಿ ಎಳೆದರೆ ಬಿಟ್ಟುಬಿಡು, ಮಗಳೇ. ಹಿಡಿದುಕೊಂಡು ಬೈಕಿನ ಹಿಂದೆ ಎಳೆಸಿಕೊಂಡು ಹೋಗಿ ಗಾಯಗೊಂಡವರಿದ್ದಾರೆ. ಚಿನ್ನ ಅಜ್ಜಿಯದೇ ಆಗಿರಲಿ, ನಿನಗಿಂತ ದೊಡ್ಡದಲ್ಲ. ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ಪಿಜಿಯ ಕಡೆಗೆ ಓಡಬೇಡ. ಹತ್ತಿರದ ಮೆಡಿಕಲ್ ಅಂಗಡಿಯನ್ನೋ ಹೋಟೆಲನ್ನೋ ಹೊಕ್ಕು, ಗಲ್ಲಾದಲ್ಲಿ ಕುಳಿತವರಿಗೆ ವಿಷಯ ಹೇಳಿ, ಪೊಲೀಸರ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡು. ರೈಲಿನಲ್ಲಿ ಊರಿಗೆ ಬರುವಾಗಾದರೆ ರೈಲ್ವೆಯ ಸಹಾಯವಾಣಿ 139.

ಈಗ ಹೋದ ಮೊಬೈಲಿನ ಮಾತು. ಬ್ಯಾಂಕಿನ ಹಣ ಉಳಿದಿದೆ ಎಂದು ಕೇಳಿ ಸಮಾಧಾನವಾಯಿತು. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಎಷ್ಟು ಬೇಗ ಹೇಳುತ್ತೇವೋ ಅಷ್ಟು ಉಳಿಯುವ ಆಸೆ ಇರುತ್ತದೆ, ನಾಲ್ಕು ದಿನ ಕಳೆದರೆ ಅದು ಯಾರ ಯಾರ ಖಾತೆ ದಾಟಿ ಹೋಗಿರುತ್ತದೋ. ಈ ಪತ್ರ ಕೈಸೇರಿದ ಕೂಡಲೇ ಠಾಣೆಗೆ ಹೋಗಿ ದೂರು ಕೊಡು. ಹಳೆಯ ಸಿಮ್ ನಿಲ್ಲಿಸಿ ಅದೇ ಸಂಖ್ಯೆಗೆ ಹೊಸದನ್ನು ಪಡೆ. ದೂರಿನ ಪ್ರತಿ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಜಾಲತಾಣದಲ್ಲಿ ಐಎಂಇಐ, ಅಂದರೆ ಆ ಮೊಬೈಲಿನ ಗುರುತಿನ ಸಂಖ್ಯೆ ಕೊಟ್ಟರೆ, ಆ ಮೊಬೈಲು ದೇಶದ ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯದಂತೆ ತಡೆಯುತ್ತಾರೆ. ಆ ಸಂಖ್ಯೆ ಮೊಬೈಲ್ ಕೊಂಡಾಗ ಬಂದ ಪೆಟ್ಟಿಗೆಯ ಮೇಲೆ ಇರುತ್ತದೆ, ಆ ಪೆಟ್ಟಿಗೆ ನಿಮ್ಮ ಮನೆಯ ಅಟ್ಟದಲ್ಲೇ ಇದೆಯಂತೆ. ಠಾಣೆಯಲ್ಲಿ ಯಾರಾದರೂ "ಇದು ನಮ್ಮ ವ್ಯಾಪ್ತಿಯಲ್ಲ" ಎಂದರೆ ಎದ್ದು ಬರಬೇಡ. ಕಳವು ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಕಾನೂನಿನ 173ನೇ ಕಲಮಿನಲ್ಲೇ ಇದೆ. ವಿನಯವಾಗಿ, ಆದರೆ ಕುರ್ಚಿ ಬಿಡದೆ, ಅದನ್ನು ಹೇಳು.

ಬುಧವಾರ ನಿನ್ನ ಅಪ್ಪ ಬೆಂಗಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಹೊಸ ಮೊಬೈಲಿಗೆಂದು ನನ್ನ ಕಡೆಯಿಂದ ಸ್ವಲ್ಪ ಹಣವನ್ನೂ ಹಳೆಯ ಪೆಟ್ಟಿಗೆಯನ್ನೂ ಕಳಿಸುತ್ತಿದ್ದೇನೆ. ದೊಡ್ಡಮ್ಮ ನಿನ್ನ ಬ್ಯಾಗಿನ ಒಳಗೆ ಹೊಲಿದುಕೊಳ್ಳಲು ಜಿಪ್ ಹಾಕಿದ ಒಂದು ಜೇಬನ್ನು ಹೊಲಿದು ಇಟ್ಟಿದ್ದಾಳೆ, ಹಳೆಯ ರೇಷ್ಮೆ ರವಿಕೆಯ ಬಟ್ಟೆ. ಹೊಸ ಸಿಮ್ ಬಂದ ಕೂಡಲೇ ಮೊದಲ ಕರೆ ನನಗೆ ಮಾಡು. ಠಾಣೆಯಲ್ಲಿ ಏನಾಯಿತು ಎಂದು ತಿಳಿಯುವವರೆಗೂ ನನಗೆ ನಿದ್ದೆ ಬರುವುದಿಲ್ಲ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ