ಸೈನ್ಯದಿಂದ ಊರಿಗೆ ಬರಲಿರುವ ಮೊಮ್ಮಗನಿಗೆ

ಚಿಂತಾಮಣಿ

ಚಿರಂಜೀವಿ ಮೊಮ್ಮಗನಿಗೆ ನಿನ್ನ ಚಿಕ್ಕತಾತ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಕೊನೆಯ ಸಾಲಿಗೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಅಗ್ನಿವೀರನ ನಾಲ್ಕು ವರ್ಷ ಮುಗಿದು, ಸೈನ್ಯದಲ್ಲೇ ಉಳಿಸಿಕೊಳ್ಳುವ ಶೇ. 25 ಮಂದಿಯೊಳಗೆ ಹೆಸರು ಬಾರದಿದ್ದರೆ, ಊರಿಗೆ ಬಂದು ಅಂಗಡಿಯಲ್ಲಿ ಕುಳಿತವನನ್ನು ಯಾರು ಲೆಕ್ಕಕ್ಕಿಡುತ್ತಾರೆ ಎಂದು ಕೇಳಿದ್ದೀಯೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಂಥ ಭಯ ಬರಬಾರದೆಂದು ನಾನು ಹೇಳಲಾರೆ. 1986ರಲ್ಲಿ ಪಿಂಚಣಿ ಪಡೆದು ಬಂದು ಪಂಪ್‌ಸೆಟ್ ಅಂಗಡಿ ತೆರೆದ ಹೊಸತರಲ್ಲಿ, ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಗಡ್ಡ ಕೆರೆದು, ಬೂಟಿಗೆ ಪಾಲಿಶ್ ಹಾಕಿ, ಹೋಗುವುದಕ್ಕೆ ಎಲ್ಲಿಯೂ ಇಲ್ಲದೆ ಜಗುಲಿಯ ಮೇಲೆ ಕೂರುತ್ತಿದ್ದೆ. ಅಂಗಡಿಗೆ ಬಂದವರು ಕೇಬಲ್ಲಿನ ಬೆಲೆ ಕೇಳುತ್ತಿದ್ದರೇ ಹೊರತು ನಾನು ಪಾಕಿಸ್ತಾನದ ಯುದ್ಧದಲ್ಲಿ ಕಂಡ ಬಸಂತರ್ ನದಿಯ ಮಾತನ್ನಲ್ಲ.

1971ರ ಡಿಸೆಂಬರ್ 15ರ ರಾತ್ರಿ ಆ ನದಿಯ ಬಳಿ ಸೈನ್ಯಕ್ಕೆ ದಾರಿ ಮಾಡಿಕೊಡುವ ನಮ್ಮ ಮದ್ರಾಸ್ ಸ್ಯಾಪರ್ಸ್‌ನ 9ನೇ ಎಂಜಿನಿಯರ್ ರೆಜಿಮೆಂಟ್ ನೆಲದಲ್ಲಿ ಹೂತಿದ್ದ ಮೈನು, ಅಂದರೆ ನೆಲಬಾಂಬು, ತೆಗೆಯುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ, ಸಲಾಕೆಯನ್ನು ಓರೆಯಾಗಿ ಮಣ್ಣಿಗಿಳಿಸಿ, ತುದಿಗೆ ಗಟ್ಟಿಯಾದದ್ದು ತಾಗಿದರೆ ಕೈ ತಡೆದು, ಬೆರಳಿನಿಂದ ಮಣ್ಣು ಬಿಡಿಸುವ ಕೆಲಸವದು. ದಾರಿ ಪೂರ್ತಿಯಾಗುವ ಮೊದಲೇ 17 ಪೂನಾ ಹಾರ್ಸ್‌ನ ಟ್ಯಾಂಕುಗಳು ದಾಟಿಹೋದವು. ಮರುದಿನ ಆ ಟ್ಯಾಂಕು ಪಡೆಯ ಅಧಿಕಾರಿ ಅರುಣ್ ಖೇತರ್‌ಪಾಲ್ ಮಡಿದು ಪರಮವೀರ ಚಕ್ರಕ್ಕೆ ಪಾತ್ರರಾದರು. ಆಗ ಅವರಿಗೆ 21 ವರ್ಷ. ದಾರಿ ಬಿಡಿಸಿದ ಕೈ ಯಾರದೆಂದು ಯಾರೂ ಕೇಳಲಿಲ್ಲ, ಕೇಳಲಿ ಎಂದು ನಮಗೂ ಅನ್ನಿಸಲಿಲ್ಲ. ಅಲ್ಲಿ ಬೇಕೆನ್ನಿಸದ ಮನ್ನಣೆ ಊರಿನಲ್ಲಿ ಏಕೆ ಬೇಕೆನ್ನಿಸಿತೋ ನನಗಿನ್ನೂ ಬಗೆಹರಿದಿಲ್ಲ. ಅಂದು ನನ್ನ ಪಕ್ಕದಲ್ಲಿದ್ದ ಸೇಲಂ ಕಡೆಯ ಗೆಳೆಯ ಕಾಲು ಕಳೆದುಕೊಂಡ. ಅಂಗಡಿ ಒಂದು ನೆಲೆಗೆ ಬಂದ ಮೇಲೆ ಹೋಗಿ ನೋಡೋಣವೆಂದುಕೊಳ್ಳುತ್ತಲೇ ಇದ್ದೆ. ಅವನು ತೀರಿಕೊಂಡ ಸುದ್ದಿಯೇ ಮೊದಲು ಬಂತು.

ನಿನ್ನ ಭಯಕ್ಕೆ ಮರಳುತ್ತೇನೆ. ನಮ್ಮ ಸೀಮೆಯ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ ಮೇಲೆ, ಸುಟ್ಟ ಮೋಟಾರನ್ನು ಮೇಲೆತ್ತುವುದೇ ದೊಡ್ಡ ಕೆಲಸವಾಯಿತು; ಅಷ್ಟರಲ್ಲಿ ಬೇಸಿಗೆಯ ಟೊಮ್ಯಾಟೊ ಬಾಡತೊಡಗುತ್ತದೆ. ಅಂಥ ರೈತನಿಗೆ ರಾತ್ರಿಯೇ ವೈಂಡಿಂಗ್ ಮುಗಿಸಿ ಹೇಳಿದ ಹೊತ್ತಿಗೆ ಕೊಟ್ಟು ಕೊಟ್ಟು, ನಮ್ಮದು ‘ಮಿಲಿಟ್ರಿಯವರ ಅಂಗಡಿ’ ಆಯಿತು. ಅದಕ್ಕೆ ವರ್ಷಗಳೇ ಹಿಡಿದವು, ಆ ವರ್ಷಗಳು ಸುಲಭವಾಗಿರಲಿಲ್ಲ. ನನಗೆ ಪಿಂಚಣಿಯ ಆಸರೆಯಿತ್ತು, ನಿನಗಿರುವುದಿಲ್ಲ. ಆದ್ದರಿಂದ ಧೈರ್ಯ ಹೇಳಲು ನನಗೆ ಸಂಕೋಚವೇ ಆಗುತ್ತದೆ.

ನಾಲ್ಕು ವರ್ಷ ಮುಗಿದಾಗ ಅಗ್ನಿವೀರರಿಗೆ ಸಿಗುವ ಸೇವಾನಿಧಿಯ ಸುಮಾರು 11.71 ಲಕ್ಷ ರೂಪಾಯಿಯನ್ನು ಒಮ್ಮೆಗೇ ಯಾವ ವ್ಯಾಪಾರಕ್ಕೂ ಸುರಿಯಬೇಡ. ಬ್ಯಾಂಕಿನ ವಿಚಾರ ನನಗಿಂತ ನಿನಗೇ ಚೆನ್ನಾಗಿ ತಿಳಿದಿರಬಹುದು. ಆದರೆ ಕಡಲೆಕಾಯಿ ಕೈಗೆ ಬರುವವರೆಗೆ ಇಲ್ಲಿ ಉದ್ದರಿ ಕೊಡಲೇಬೇಕಾಗುತ್ತದೆ, ಅದರ ವಸೂಲಿಗೆ ಪರೇಡಿನ ದನಿ ಕೆಲಸಕ್ಕೆ ಬಾರದು. ಅಲ್ಲಿ ಕಲಿತ ಕೆಲಸದ ಪ್ರಮಾಣಪತ್ರವನ್ನು ಮರೆಯದೆ ಕೇಳಿ ಪಡೆ.

ನಮ್ಮ ಅಂಗಡಿಗೇ ಬಾ ಎಂದು ಬರೆಯುವುದಿಲ್ಲ, ನಿನ್ನ ಹೆದರಿಕೆಯೇ ಅಂಗಡಿಯದು. ಈ ಸಲದ ರಜೆಯಲ್ಲಿ ಒಂದು ವಾರ ಉದ್ದರಿ ಪುಸ್ತಕ ತಿರುವಿ, ಗಿರಾಕಿಗಳೊಂದಿಗೆ ಮಾತನಾಡಿ ನೋಡು. ಆಮೇಲೆ ಬೇಡವೆಂದರೂ ನನಗೆ ಬೇಸರವಿಲ್ಲ. ರಜೆಯ ತಾರೀಖು ಗೊತ್ತಾದ ಕೂಡಲೇ ತಿಳಿಸು.

ಇತಿ,
ನಿನ್ನ ಚಿಕ್ಕತಾತ