ಮೋಟರ್‌ಹೋಮ್: ಮಲಗುವ ಮುನ್ನ ಮಾಡಬೇಕಾದ ಕೆಲಸ

ಮಾನ್ಯರೇ,

ಮೋಟರ್‌ಹೋಮ್‌ನಲ್ಲಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿಯಲ್ಲಿ, ರಾತ್ರಿ ತಂಗಿದ ಬಗೆಗಿನ ಪುರವಣಿ ಲೇಖನ ಸೊಗಸಾಗಿತ್ತು. ನಕ್ಷತ್ರಗಳ ವರ್ಣನೆಗೆ ನಮ್ಮ ತಕರಾರಿಲ್ಲ. ಆದರೆ ‘ಗಾಡಿ ನಿಲ್ಲಿಸಿ ಮಲಗಿದೆವು’ ಎಂದು ಒಂದೇ ಸಾಲಿನಲ್ಲಿ ಮುಗಿದ ಭಾಗವೇ ಹೊಸಬರಿಗೆ ಬೇಕಾದದ್ದು.

ಬೆಳಕಿರುವಾಗಲೇ ನಿಲ್ಲಿಸಬೇಕು. ಸಣ್ಣ ಇಳಿಜಾರು ಕಣ್ಣಿಗೆ ತಿಳಿಯದು. ಗಾಡಿಯೊಳಗೆ ಮಟ್ಟಗೋಲು ಇಟ್ಟು ನೋಡಿ, ತಗ್ಗಿನ ಕಡೆಯ ಚಕ್ರವನ್ನು ಲೆವೆಲಿಂಗ್ ಬ್ಲಾಕ್ (ಗಾಡಿ ಸಮಮಟ್ಟ ಮಾಡಲು ಚಕ್ರದಡಿ ಇಡುವ ದಿಮ್ಮಿ) ಮೇಲೆ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡೆ ಕೊಡಬೇಕು. ಇದು ಸುಖನಿದ್ದೆಗಷ್ಟೇ ಅಲ್ಲ. ಗ್ಯಾಸ್‌ನಿಂದ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್‌ಗೆ ಕಂಪ್ರೆಸರ್ ಇಲ್ಲ. ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೊಳವೆಯಲ್ಲಿ ಇಳಿದು ಬರಬೇಕು. ಗಾಡಿ ಹೆಚ್ಚು ವಾಲಿದರೆ ಅದು ನಡುವೆಯೇ ನಿಲ್ಲುತ್ತದೆ, ದ್ರಾವಣವನ್ನು ಕಾಯಿಸುವ ಬಾಯ್ಲರ್ ವಿಪರೀತ ಕಾಯುತ್ತದೆ, ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ಇಡೀ ಕೂಲಿಂಗ್ ಯೂನಿಟ್ಟನ್ನೇ ಬದಲಿಸಬೇಕಾದೀತು.

ಎಲ್ಲರೂ ಎಡವುವುದು ಬ್ಯಾಟರಿಯಲ್ಲಿ. 100 ಆಂಪಿಯರ್-ಅವರ್‌ನ (ಒಂದು ಆಂಪಿಯರ್ ಕರೆಂಟನ್ನು ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್) ಲೆಡ್-ಆಸಿಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧ, ಅಂದರೆ 50, ಮಾತ್ರ ಬಳಸಬೇಕು. ಗ್ಯಾಸ್ ಹೀಟರ್‌ಗೆ ಕರೆಂಟ್ ಏಕೆ ಎನ್ನಬೇಡಿ: ಬಿಸಿಗಾಳಿ ತಳ್ಳುವ ಫ್ಯಾನ್ 7 ಆಂಪಿಯರ್ ಎಳೆಯುವಂಥದ್ದಾದರೆ, ಚಳಿಯ ರಾತ್ರಿ ಒಟ್ಟು 5 ಗಂಟೆ ಓಡಿದರೂ 35 ಖರ್ಚು. ಉಳಿದ 15ರಲ್ಲಿ ಪಂಪು, ದೀಪ, ಫ್ರಿಜ್‌ನ ಸರ್ಕ್ಯೂಟ್ ಬೋರ್ಡು. ವೋಲ್ಟೇಜ್ ಕುಸಿದಾಗ ಫ್ಯಾನ್ ನಿಧಾನವಾಗುತ್ತದೆ, ಗಾಳಿಯ ರಭಸಕ್ಕೆ ಒತ್ತಿಕೊಳ್ಳಬೇಕಾದ ಪುಟ್ಟ ಸ್ವಿಚ್ ಒತ್ತಿಕೊಳ್ಳುವುದಿಲ್ಲ, ಬರ್ನರ್ ಹೊತ್ತುವುದಿಲ್ಲ. ಬೆಳಗಿನ ಜಾವ ಹೀಟರ್ ‘ಕೆಟ್ಟಾಗ’ ಸಿಲಿಂಡರ್ ಅಲುಗಾಡಿಸುವ ಬದಲು ಮೊದಲು ವೋಲ್ಟ್‌ಮೀಟರ್ ನೋಡಿ.

ಹಾಗೆಂದು ಒಲೆ ಹಚ್ಚಿ ಬೆಚ್ಚಗಾಗುವುದು ಮಾತ್ರ ಬೇಡವೇ ಬೇಡ. ಮುಚ್ಚಿದ ಗಾಡಿಯಲ್ಲಿ ಒಲೆ ಉರಿದರೆ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅದರ ಅಲಾರಂ ಮಲಗುವ ಜಾಗದ ಹತ್ತಿರ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ, ಅದರ ಅಲಾರಂ ನೆಲದ ಹತ್ತಿರ.

ಲೇಖನದ ಚಿತ್ರದಲ್ಲಿ ಶೌಚದ ಟ್ಯಾಂಕನ್ನು ಹೊರಗೆ ಖಾಲಿ ಮಾಡುವ ವಾಲ್ವ್ ರಾತ್ರಿಯಿಡೀ ತೆರೆದಿದ್ದಂತೆ ಕಾಣುತ್ತದೆ. ಹಾಗೆ ಬಿಟ್ಟರೆ ನೀರು ಹರಿದುಹೋಗಿ ಗಟ್ಟಿ ಮಾತ್ರ ತಳದಲ್ಲಿ ಗುಡ್ಡೆ ಬೀಳುತ್ತದೆ. ಅದನ್ನು ಕರಗಿಸುವುದು ಯಾರಿಗೂ ಬೇಡದ ಕೆಲಸ. ಮೂರರಲ್ಲಿ ಎರಡು ಪಾಲು ತುಂಬುವವರೆಗೆ ಮುಚ್ಚಿಟ್ಟು, ನಿಗದಿತ ಜಾಗದಲ್ಲಿ ಮೊದಲು ಅದನ್ನು, ನಂತರ ಸ್ನಾನ-ಪಾತ್ರೆಯ ನೀರನ್ನು ಬಿಟ್ಟರೆ ಪೈಪ್ ತಾನೇ ತೊಳೆದುಕೊಳ್ಳುತ್ತದೆ. ಆ ಪೈಪನ್ನು ಕುಡಿಯುವ ನೀರಿನ ಪೈಪಿನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಸುತ್ತಿಡಬೇಡಿ.

– ಮೋಟರ್‌ಹೋಮ್ ಚಾಲಕರು