ಸಂಗೀತಗಾರರ ಮನೆ ಕೆಡವುವ ಮುನ್ನ

ಮಾನ್ಯರೇ,

ನಾನು ನಲವತ್ತು ವರ್ಷದಿಂದ ಮ್ಯಾಂಡೊಲಿನ್ ನುಡಿಸುತ್ತಿದ್ದೇನೆ. ಕಳೆದ ವರ್ಷ ಅಮೆರಿಕದ ಲೂಯಿವಿಲ್‌ನಲ್ಲಿರುವ ಮಗಳ ಮನೆಗೆ ಹೋದಾಗ, ಎರಡು ಗಂಟೆ ದಾರಿಯ ರೋಸೀನ್ ಎಂಬ ಪುಟ್ಟ ಊರಿಗೆ ಕರೆದುಕೊಂಡು ಹೋಗು ಅಂತ ಹಟ ಹಿಡಿದೆ. ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳೇ ಮುಖ್ಯವಾದ ಅಮೆರಿಕದ ಹಳ್ಳಿಗಾಡಿನ ಸಂಗೀತವನ್ನು ಕಟ್ಟಿದ ಬಿಲ್ ಮನ್ರೋ ಬೆಳೆದ ಮನೆ ಅಲ್ಲಿದೆ. ಅವರ ತಂಡದ ಹೆಸರೇ ಆ ಸಂಗೀತಕ್ಕೂ ಬಂತು.

1911ರಲ್ಲಿ ಹುಟ್ಟಿದ ಮನ್ರೋ ಎಂಟು ಮಕ್ಕಳಲ್ಲಿ ಕೊನೆಯವರು. ಪಿಟೀಲು, ಗಿಟಾರ್ ಅಣ್ಣಂದಿರ ಪಾಲಾದವು. ಉಳಿದದ್ದು ಮ್ಯಾಂಡೊಲಿನ್. ಸದ್ದು ಜಾಸ್ತಿ ಬರಬಾರದೆಂದು ಅದರ ಎಂಟು ತಂತಿಗಳಲ್ಲಿ ನಾಲ್ಕನ್ನು ಬಿಚ್ಚಿಸಿದರಂತೆ! ಈ ಕಥೆ ನನಗೆ ಮೊದಲೇ ಗೊತ್ತಿತ್ತು. ಆದರೆ ಆ ಮರದ ಮನೆಯೊಳಗೆ ನಿಂತಾಗಲೇ ಅರ್ಥವಾಗಿದ್ದು. ಹಲಗೆ ಗೋಡೆ, ಮನೆ ತುಂಬ ಮಕ್ಕಳು. ಒಬ್ಬರು ತಂತಿ ಮೀಟಿದರೆ ಎಲ್ಲರಿಗೂ ಕೇಳಬೇಕು, ಅಲ್ವಾ? ಹಾಳುಬಿದ್ದಿದ್ದ ಆ ಮನೆಯನ್ನು ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ.

ನಮ್ಮ ಚೌಡಯ್ಯನವರು ಸಭೆಯ ಕೊನೆಯವರೆಗೂ ಕೇಳಲೆಂದು ಪಿಟೀಲಿಗೆ ಏಳು ತಂತಿ ಹಾಕಿಸಿಕೊಂಡವರು. ಅವರ ಹೆಸರಿನ ಪಿಟೀಲಿನಾಕಾರದ ಭವನ ನಮ್ಮ ಮಲ್ಲೇಶ್ವರದ ಕಡೆಯವರಿಗೆಲ್ಲ ಹೆಮ್ಮೆ. ಆದರೆ ಭವನ ಇರುವುದು ಸಂಗೀತ ಕಚೇರಿಗೆ. ಸಾಧನೆ ನಡೆಯುವುದು ಮನೆಯಲ್ಲಿ.

ನನಗೆ ಕಲಿಸಿದ ಮೇಷ್ಟ್ರ ಮನೆಯೂ ಮಲ್ಲೇಶ್ವರದಲ್ಲೇ ಇತ್ತು. ಹೆಂಚಿನ ಮನೆ, ಕೆಂಪು ಗಾರೆ ನೆಲ, ಮುಂದೆ ಜಗಲಿ. ನಡುಮನೆಯಲ್ಲಿ ಅವರ ವಯಸ್ಸಾದ ತಾಯಿ ಮಲಗಿರುತ್ತಿದ್ದರು. ಮೇಷ್ಟ್ರ ಮೀಟು ಅಷ್ಟು ಮೆತ್ತಗಾಗಿದ್ದು ಅದಕ್ಕೇ. ಎರಡು ವರ್ಷದ ಹಿಂದೆ ಅದನ್ನು ಕೆಡವಿದರು. ಈಗ ನಾಲ್ಕಂತಸ್ತಿನ ಕಟ್ಟಡ. ಮಾರಿದವರನ್ನು ನಾನು ದೂರುವುದಿಲ್ಲ, ಅವರ ಕಷ್ಟ ಅವರಿಗೆ. ಆದರೆ ಕೆಡವುವ ಮುನ್ನ ಯಾರೂ ಬಂದು ಒಂದು ಫೋಟೊ ಕೂಡ ತೆಗೆಯಲಿಲ್ಲ.

ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೇವೆ! ಬೆಂಗಳೂರಿನಲ್ಲಿ ಎಲ್ಲ ಮನೆ ಉಳಿಸಿ ಅಂತ ಕೇಳುತ್ತಿಲ್ಲ. ಪಾಲಿಕೆಯವರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಸೇರಿ ಸಂಗೀತಗಾರರು ಬಾಳಿದ ಮನೆಗಳ ಪಟ್ಟಿ ಮಾಡಲಿ. ನಿಂತಿರುವ ಮನೆಗೆ ಒಂದು ಫಲಕ ಹಾಕಲಿ. ಬೀಳುವ ಮನೆಯ ಅಳತೆ, ಫೋಟೊ ತೆಗೆದಿಡಲಿ. ಬೀದಿಯ ಹಿರಿಯರನ್ನು ಕೇಳಿದರೆ ಅರ್ಧ ಕೆಲಸ ಮುಗಿಯುತ್ತದೆ. ಪಟ್ಟಿ ಶುರುವಾದರೆ ಮಲ್ಲೇಶ್ವರದ ಅಡ್ಡರಸ್ತೆಗಳನ್ನೆಲ್ಲ ನಾನೇ ಸುತ್ತಿ ಬರೆದುಕೊಡುತ್ತೇನೆ.

– ಒಬ್ಬ ಮ್ಯಾಂಡೊಲಿನ್ ವಾದಕ, ಮಲ್ಲೇಶ್ವರ, ಬೆಂಗಳೂರು